ಶಿಂಷೆಯ ಲೆಕ್ಕಕ್ಕೆ ಆಕಾಶದ ಸಾಕ್ಷಿ

ನಮ್ಮ ಕ್ಯಾತ್ಸಂದ್ರದ ಬಳಿ ಸಿದ್ಧಗಂಗೆಯ ಬೆಟ್ಟ. ಅದರಾಚೆಗೆ ದೇವರಾಯನದುರ್ಗದ ಸಾಲು. ಆ ದುರ್ಗದ ಮೇಲೆ ಬಿದ್ದ ಮಳೆಗೆ ಎರಡು ದಾರಿಗಳುಂಟು. ಜಯಮಂಗಲಿಯ ಪಾಲಿಗೆ ಬಂದುದು ಕೊರಟಗೆರೆ, ಮಧುಗಿರಿಗಳ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷೆಯ ಪಾಲಿಗೆ ಬಂದುದು ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯ, ಮದ್ದೂರು ಇವುಗಳ ಮಾರ್ಗವಾಗಿ ಕಾವೇರಿಯನ್ನು ಕೂಡುತ್ತದೆ. ಭೂಗೋಳದ ಪುಸ್ತಕ ಇಷ್ಟನ್ನು ಹೇಳಿ ಸುಮ್ಮನಾಗುತ್ತದೆ. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹೊಳೆಗೆ ಇಳಿಯಿತು, ಎಷ್ಟನ್ನು ತೆಂಗು ಅಡಕೆಗಳು ಹೀರಿದುವು, ಎಷ್ಟು ನೆಲದೊಳಗೆ ಇಂಗಿತು ಎಂಬ ಲೆಕ್ಕ ಮಾತ್ರ ಸುಲಭದ್ದಲ್ಲ.

ಈ ಲೆಕ್ಕಕ್ಕಾಗಿ ಜಲವಿಜ್ಞಾನಿಗಳು ನದಿಯ ಗಣಿತರೂಪವೊಂದನ್ನು ಕಟ್ಟುತ್ತಾರೆ. ಅದನ್ನು 'ಮಾದರಿ' ಎನ್ನುತ್ತಾರೆ. ಮಣ್ಣು ಎಷ್ಟು ನೀರು ಹಿಡಿದೀತು, ಎಷ್ಟು ಬೇಗ ಬಿಟ್ಟೀತು, ಬೇರುಗಳು ಎಷ್ಟು ಆಳಕ್ಕೆ ಹೋದಾವು ಎಂಬಂಥ ಅಂಕಿಗಳನ್ನು ಮೊದಲು ಊಹಿಸಿಕೊಳ್ಳುತ್ತಾರೆ. ಮಾದರಿ ಹೇಳಿದ ಹರಿವೂ ಹೊಳೆಯಲ್ಲಿ ಅಳೆದ ಹರಿವೂ ಒಂದಾಗುವವರೆಗೆ ಆ ಅಂಕಿಗಳನ್ನು ಹೆಚ್ಚುಕಡಿಮೆ ಮಾಡುತ್ತಾರೆ. ಇದಕ್ಕೆ 'ಮಾಪನಾಂಕ ನಿರ್ಣಯ' ಎಂಬ ಭಾರವಾದ ಪದವನ್ನು ಟಂಕಿಸಿದ್ದಾರೆ. ಅಂಗಡಿಯ ಲೆಕ್ಕ ಬರೆಯುವವರು ಬಹುಕಾಲದಿಂದ ಬಳಸುತ್ತಿರುವ 'ತಾಳೆ ನೋಡುವುದು' ಎಂಬ ಮಾತೇ ನನಗೆ ಹೆಚ್ಚು ಒಪ್ಪಿಗೆ.

ಕನ್ನಡ ಕಲಿಸಿ ನಿವೃತ್ತನಾದವನಿಗೆ ಇಲ್ಲೇನು ಕೆಲಸವೆಂದು ತಾವು ಕೇಳಬಹುದು. ಹಳೆಯ ಕಾವ್ಯದ ಒಂದೇ ಓಲೆಪ್ರತಿ ದೊರೆತಾಗ ಸಂಪಾದಕನಿಗೆ ಒದಗುವ ಸಂಕಟವೇ ಇಲ್ಲಿಯೂ ಇದೆ. ಹೊಳೆಯ ಕೆಳಗಿನ ಒಂದು ಅಳತೆಗಂಬವೊಂದೇ ಸಾಕ್ಷಿಯಾದರೆ, ಮಾದರಿ ತಪ್ಪು ಕಾರಣಗಳಿಂದ ಸರಿಯಾದ ಉತ್ತರವನ್ನು ಕೊಡಬಲ್ಲುದು. ಆವಿಯಾದುದನ್ನು ಹೆಚ್ಚಾಗಿಯೂ ಇಂಗಿದುದನ್ನು ಕಡಿಮೆಯಾಗಿಯೂ ಎಣಿಸಿದರೆ ಎರಡು ತಪ್ಪುಗಳೂ ಒಂದನ್ನೊಂದು ನುಂಗಿಕೊಂಡು ಮೊತ್ತ ಸರಿಬರುತ್ತದೆ. ಪಾಠಾಂತರವನ್ನು ತೋರಿಸಲು ಎರಡನೆಯ ಪ್ರತಿ ಬೇಕು. ಆ ಎರಡನೆಯ ಪ್ರತಿಯನ್ನು ಈಗ ಉಪಗ್ರಹಗಳು ಒದಗಿಸುತ್ತಿವೆ.

1979ರಲ್ಲಿ ಮೇಲೇರಿದ ಭಾರತದ ಭಾಸ್ಕರದಲ್ಲಿಯೇ ಸೂಕ್ಷ್ಮತರಂಗಗಳನ್ನು ಅಳೆಯುವ ಉಪಕರಣವಿತ್ತು. 1988ರಲ್ಲಿ ಐ.ಆರ್.ಎಸ್. ಸರಣಿಯ ಮೊದಲನೆಯದು ಮೇಲೇರಿತು. ಇಂದು ಮಳೆಯನ್ನು ಅಂದಾಜು ಮಾಡುವ, ಕೆರೆಯ ನೀರಿನ ಹರವನ್ನು ಗುರುತಿಸುವ, ನೆಲದ ಶಾಖದಿಂದ ಬೆಳೆ ಉಸಿರಾಡಿದ ನೀರನ್ನು ಲೆಕ್ಕಹಾಕುವ ಉಪಗ್ರಹಗಳಿವೆ. ಮಾದರಿ ಹೊಳೆಯ ಹರಿವನ್ನು ಮಾತ್ರವಲ್ಲದೆ ಇವುಗಳನ್ನೂ ಒಪ್ಪಿಸಬೇಕೆಂದು ಹಟ ಹಿಡಿದರೆ, ಕಳ್ಳಲೆಕ್ಕಕ್ಕೆ ಎಡೆ ಕಡಿಮೆಯಾಗುತ್ತದೆ.

ಹಾಗೆಂದು ಆಕಾಶದ ಸಾಕ್ಷಿಯೂ ದೋಷರಹಿತವಲ್ಲ. 2002ರಿಂದ 2017ರವರೆಗೆ ಸುತ್ತಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಭೂಮಿಯ ಸೆಳೆತದ ಏರಿಳಿತದಿಂದ ಅಂತರ್ಜಲವನ್ನೇ ತೂಗಿದುವು. ವಾಯವ್ಯ ಭಾರತ 2002ರಿಂದ 2008ರೊಳಗೆ 109 ಘನ ಕಿಲೋಮೀಟರು ಅಂತರ್ಜಲವನ್ನು ಕಳೆದುಕೊಂಡಿತೆಂದು ಅದರಿಂದ ತಿಳಿಯಿತು. ಆದರೆ ಆ ತಕ್ಕಡಿಗೆ ನಮ್ಮ ಶಿಂಷೆಯ ಕಣಿವೆ ತೀರ ಚಿಕ್ಕದು. 2015ರಲ್ಲಿ ಮೇಲೇರಿದ ಸ್ಮ್ಯಾಪ್ ಮಣ್ಣಿನ ಮೇಲ್ಪದರದ ಐದು ಸೆಂಟಿಮೀಟರುಗಳ ತೇವವನ್ನು ಹೇಳುತ್ತದೆ; ಅದರ ಒಂದು ಚುಕ್ಕೆಯಲ್ಲಿ ಕ್ಯಾತ್ಸಂದ್ರವೂ ಗುಬ್ಬಿಯೂ ಒಟ್ಟಿಗೆ ಅಡಗಿಬಿಡಬಹುದು. ಅಡಕೆತೋಟದ ತಂಪು, ಪಕ್ಕದ ರಾಗಿಹೊಲದ ಬಿರುಕು ಎಲ್ಲಕ್ಕೂ ಒಂದೇ ಸರಾಸರಿ!

ಆದುದರಿಂದ ಉಪಗ್ರಹವನ್ನೂ ನೆಲದೊಡನೆ ತಾಳೆ ನೋಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರೆಂಚ್ ವಿಜ್ಞಾನಿಗಳೊಡನೆ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ ಮಾಡುತ್ತ ಬಂದಿರುವ ಕೆಲಸ ಈ ಬಗೆಯದು. ಕಬಿನಿಗೆ ಸೇರಿದ, ಸುಮಾರು 84 ಚದರ ಕಿಲೋಮೀಟರಿನ ಆ ಪುಟ್ಟ ಜಲಾನಯನದಲ್ಲಿ ರೈತರ ಹೊಲಗಳ ತೇವವನ್ನೂ ಕೊಳವೆಬಾವಿಗಳ ಮಟ್ಟವನ್ನೂ ಅಳೆದು, ಮೇಲಿನಿಂದ ಕಂಡುದಕ್ಕೆ ಹೋಲಿಸುತ್ತಾರೆ. ಕ್ಷಿಪಣಿ ಹಾರುವ ದಿನ ಸಿಗುವ ಪ್ರಚಾರದಲ್ಲಿ ನೂರರಲ್ಲೊಂದು ಪಾಲೂ ಇಂಥ ಕೆಲಸಕ್ಕೆ ಸಿಗುವುದಿಲ್ಲ.

ಹಳೆಯ ಅಳತೆಯನ್ನೇ ನೆಚ್ಚಿದರೆ ಏನಾದೀತೆಂಬುದಕ್ಕೆ ನೆರೆಯ ಅರ್ಕಾವತಿಯನ್ನು ನೋಡಬೇಕು. 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿಯ ಜಲಾಶಯಕ್ಕೆ ಬರುವ ನೀರು ದಶಕಗಳಿಂದ ಇಳಿಯುತ್ತ ಬಂತು. ಮಳೆ ಕಡಿಮೆಯಾದುದೇ ಇದಕ್ಕೆ ಕಾರಣವಲ್ಲ, ಕೊಳವೆಬಾವಿಗಳೂ ನೀಲಗಿರಿ ತೋಪುಗಳೂ ಮುಖ್ಯ ಕಾರಣಗಳಿರಬೇಕು ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಂದಿನ ಹರಿವಿಗೆ ಹೊಂದಿಸಿದ ಮಾದರಿಗೆ ಇಂದಿನ ಅರ್ಕಾವತಿಯ ಗುರುತೇ ಸಿಗದು.

ಶಿಂಷೆಯಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಇಲ್ಲಿನ ಕೆರೆಗಳಿಗೆ ಈಗ ಮಳೆಯೊಂದೇ ಮೂಲವಲ್ಲ. ಗೊರೂರಿನಿಂದ ನಾಲೆಯಲ್ಲಿ ಹರಿದು ಬರುವ ಹೇಮಾವತಿಯೂ ಉಂಟು. ಕುಣಿಗಲ್ಲಿನ ಕಡೆಗೆ ಆ ನೀರನ್ನು ನೇರವಾಗಿ ಒಯ್ಯುವ ಲಿಂಕ್ ಕಾಲುವೆಯ ವಿಷಯವಾಗಿ 2024, 2025ರಲ್ಲಿ ಗುಬ್ಬಿ, ತುಮಕೂರುಗಳ ರೈತರು ಬೀದಿಗಿಳಿದುದನ್ನು ತಾವೆಲ್ಲ ಬಲ್ಲಿರಿ. ತನ್ನ ಪಾಲು ಹೋದೀತೆಂಬ ಭಯ ಒಬ್ಬರದು, ತನಗೆ ಬರಬೇಕಾದುದು ಬರಲೇ ಇಲ್ಲವೆಂಬ ಕೊರಗು ಇನ್ನೊಬ್ಬರದು. ನನ್ನ ದೃಷ್ಟಿಯಲ್ಲಿ ಇಬ್ಬರಿಗೂ ಒಂದು ಹಕ್ಕು ಸಮಾನವಾಗಿ ಇದೆ: ಲೆಕ್ಕವನ್ನು ಕಣ್ಣಾರೆ ನೋಡುವ ಹಕ್ಕು.

2025ರ ಜುಲೈ 30ರಂದು ಭಾರತ, ಅಮೆರಿಕಗಳು ಕೂಡಿ ಹಾರಿಸಿದ ನಿಸಾರ್ ಮೋಡ ಕವಿದಾಗಲೂ ನೆಲವನ್ನು ಮೊದಲಿಗಿಂತ ಸೂಕ್ಷ್ಮವಾಗಿ ನೋಡಬಲ್ಲುದು. ಕಡಬದ ಕೆರೆ ತುಂಬಿದುದು ಅಂಥ ಚಿತ್ರದಲ್ಲಿ ಕಂಡೀತು. ಆ ನೀರು ದುರ್ಗದಿಂದ ಇಳಿದು ಬಂದುದೋ ಗೊರೂರಿನಿಂದ ನಾಲೆಯಲ್ಲಿ ಬಂದುದೋ ಎಂಬುದು ಚಿತ್ರದಲ್ಲಿ ಇರುವುದಿಲ್ಲ. ಅದಕ್ಕೆ ನಾಲೆಯ ಒಂದೊಂದು ಗೇಟಿನ ಬಳಿಯೂ ದಿನದಿನವೂ ಅಳೆದು ಬರೆದ ಪುಸ್ತಕ ಬೇಕು; ಆ ಪುಸ್ತಕ ಗುಬ್ಬಿಯವನಿಗೂ ಕುಣಿಗಲ್ಲಿನವನಿಗೂ ಓದಲು ಸಿಗಬೇಕು.