ಕ್ಲೇಡನ್ನಿನ ವರ್ನಿ ಮನೆತನ: ಯುದ್ಧ, ಆಸ್ತಿ ಮತ್ತು ನಂಟು



17ನೆಯ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧವನ್ನು ನಾವೆಲ್ಲ ದೊರೆಗೂ ಪಾರ್ಲಿಮೆಂಟಿಗೂ ನಡೆದ ಜಗಳವೆಂದೇ ಓದಿದ್ದೇವೆ. ಒಂದು ಕಡೆ ಒಂದನೆಯ ಚಾರ್ಲ್ಸ್, ಇನ್ನೊಂದು ಕಡೆ ಕ್ರಾಮ್‌ವೆಲ್, ಕೊನೆಗೆ 1649ರ ಶಿರಚ್ಛೇದ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಆ ಪಾರ್ಲಿಮೆಂಟಿನ ಬೆಂಚುಗಳ ಮೇಲೆ ಕೂತಿದ್ದವರು ಯಾರ ಮಕ್ಕಳು, ಯಾರ ಅಳಿಯಂದಿರು, ಯಾರಿಗೆ ಸಾಲಗಾರರು ಎಂದು ವಿಚಾರಿಸಲು ಹೊರಟರೆ ಕಥೆಯ ನಡೆಯೇ ಬದಲಾಗುತ್ತದೆ. ಅವರಲ್ಲಿ ಹೆಚ್ಚಿನವರು ಹಳ್ಳಿಗಾಡಿನ ಜಮೀನುದಾರ ಮನೆತನದವರು. ಇಂಗ್ಲಿಷರು ‘ಜೆಂಟ್ರಿ’ ಎಂದು ಕರೆಯುತ್ತಿದ್ದ ವರ್ಗ ಇದು. ಪ್ರಭುಗಳಿಗಿಂತ ಒಂದು ಮೆಟ್ಟಿಲು ಕೆಳಗೆ, ರೈತರಿಗಿಂತ ಬಹಳ ಮೇಲೆ. ಜಿಲ್ಲೆಯ ನ್ಯಾಯ, ತೆರಿಗೆ, ಸೈನ್ಯಕ್ಕೆ ಜನ ಸೇರಿಸುವುದು ಎಲ್ಲವೂ ಇವರ ಕೈಯಲ್ಲಿತ್ತು.

ಇವರ ರಾಜಕೀಯದ ಬೇರು ಇದ್ದದ್ದು ನಂಟಿನಲ್ಲಿ. ಯುದ್ಧ ಆ ನಂಟನ್ನು ಸೀಳಿತು, ಆದರೆ ಕಡಿಯಲಿಲ್ಲ. ಕಡಿಯದಂತೆ ಹಿಡಿದುಕೊಂಡವರು ಬಹುಮಟ್ಟಿಗೆ ಹೆಂಗಸರು. ಅವರ ಆ ದುಡಿಮೆಯನ್ನು ಮನೆವಾರ್ತೆ ಎಂದು ಪಕ್ಕಕ್ಕಿಡದೆ ರಾಜಕಾರಣವೆಂದೇ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಇವತ್ತಿನ ನನ್ನ ವಾದ. ಅದಕ್ಕಾಗಿ ಒಂದೇ ಒಂದು ಮನೆತನವನ್ನು ಆರಿಸಿಕೊಂಡಿದ್ದೇನೆ: ಬಕಿಂಗ್‌ಹ್ಯಾಮ್‌ಶೈರಿನ ಕ್ಲೇಡನ್ ಎಂಬ ಊರಿನ ವರ್ನಿಗಳು.

ಮೊದಲು ಆ ಸೀಮೆಯ ಬಂಧುಬಳಗವನ್ನು ಸ್ವಲ್ಪ ನೋಡೋಣ. ಹಡಗು ತೆರಿಗೆಯನ್ನು ಕೊಡುವುದಿಲ್ಲವೆಂದು ದೊರೆಯ ಎದುರು ನ್ಯಾಯಾಲಯದಲ್ಲಿ ನಿಂತ ಜಾನ್ ಹ್ಯಾಂಪ್ಡನ್ ಇದೇ ಜಿಲ್ಲೆಯವನು. ಮೊಕದ್ದಮೆಗೆ ಕಾರಣವಾದ ಮೊತ್ತ ಬರೀ 20 ಷಿಲಿಂಗ್. ಅವನ ತಾಯಿ ಕ್ರಾಮ್‌ವೆಲ್‌ಗೆ ಸೋದರತ್ತೆ. ಕವಿ ಎಡ್ಮಂಡ್ ವಾಲರ್ ಹ್ಯಾಂಪ್ಡನ್ನನ ಸೋದರತ್ತೆಯ ಮಗ. ಕ್ರಾಮ್‌ವೆಲ್ಲನ ತಂಗಿಯನ್ನು ಮದುವೆಯಾದ ವ್ಯಾಲೆಂಟೈನ್ ವಾಲ್ಟನ್ ಕೂಡ ಪಾರ್ಲಿಮೆಂಟ್ ಸದಸ್ಯ. ಸದನದಲ್ಲಿ ಒಬ್ಬ ಎದ್ದು ಮಾತಾಡಿದರೆ ಅವನ ಹಿಂದೆ ಭಾವಂದಿರು, ಷಡ್ಡಕರು, ಸೋದರಳಿಯಂದಿರ ಸಾಲೇ ಇರುತ್ತಿತ್ತು. ಪಕ್ಷ ಎಂಬುದು ಇನ್ನೂ ಗಟ್ಟಿಯಾಗಿರದ ಆ ಕಾಲದಲ್ಲಿ ನಂಬಿಕೆಗೆ ಆಧಾರ ಇದೇ ಆಗಿತ್ತು.

ಸರ್ ಎಡ್ಮಂಡ್ ವರ್ನಿ ಹುಟ್ಟಿದ್ದು 1590ರಲ್ಲಿ. ಚಿಕ್ಕ ವಯಸ್ಸಿನಲ್ಲೇ ಅರಮನೆ ಸೇರಿದ. ರಾಜಕುಮಾರ ಚಾರ್ಲ್ಸ್ 1623ರಲ್ಲಿ ಹೆಣ್ಣು ನೋಡಲು ಮ್ಯಾಡ್ರಿಡ್‌ಗೆ ಹೋದಾಗ ಪರಿವಾರದಲ್ಲಿ ಇವನೂ ಇದ್ದ. ಮುಂದೆ ಅರಮನೆಯ ಆವರಣದಲ್ಲಿ ಶಿಸ್ತು ಕಾಯುವ ನೈಟ್ ಮಾರ್ಷಲ್ ಆದ. ಹೆಸರು ದೊಡ್ಡದಾಯಿತು, ಸಾಲವೂ ದೊಡ್ಡದಾಯಿತು. ದೊರೆ ಸಂಬಳ ಕೊಡುವುದಕ್ಕಿಂತ ಹಕ್ಕುಪತ್ರಗಳನ್ನು ಕೊಡುವುದೇ ಹೆಚ್ಚಾಗಿದ್ದ ಕಾಲ ಅದು. ಬಟ್ಟೆಯ ಮೇಲಿನ ಸುಂಕದಲ್ಲಿ ತನಗೆ ಬರಬೇಕಾದ ಪಾಲನ್ನು ನಂಬಿ ಎಡ್ಮಂಡ್ ಹೆಣ್ಣುಮಕ್ಕಳ ಜೀವನಾಂಶವನ್ನು ಅದಕ್ಕೆ ಕಟ್ಟಿಹಾಕಿದ. ಯುದ್ಧ ಶುರುವಾದ ಮೇಲೆ ಆ ಹಣ ಬರಲಿಲ್ಲ. ಆರು ಹೆಣ್ಣುಮಕ್ಕಳ ಬದುಕು ಅಲ್ಲಿಂದಲೇ ಅಲುಗಾಡತೊಡಗಿತು.

ಹಿರಿಯ ಮಗ ರಾಲ್ಫ್‌ಗೆ ಹೆಣ್ಣು ತಂದದ್ದು ಅಬಿಂಗ್ಡನ್ನಿನ ಬ್ಲ್ಯಾಕ್‌ನಲ್ ಮನೆಯಿಂದ. ಮೇರಿ ಬ್ಲ್ಯಾಕ್‌ನಲ್ ತಬ್ಬಲಿ, ಆಸ್ತಿವಂತೆ. ತಂದೆತಾಯಿ ಇಬ್ಬರೂ 1625ರ ಪ್ಲೇಗಿಗೆ ಬಲಿಯಾಗಿದ್ದರು. ಇಂಥ ಮಕ್ಕಳ ಪಾಲನೆಯ ಹಕ್ಕು, ಮದುವೆ ಗೊತ್ತುಮಾಡುವ ಹಕ್ಕು ಎರಡೂ ದೊರೆಯದು. ಅದನ್ನು ಕೋರ್ಟ್ ಆಫ್ ವಾರ್ಡ್ಸ್ ಎಂಬ ಕಚೇರಿ ಹಣಕ್ಕೆ ಮಾರುತ್ತಿತ್ತು. ಮದ್ರಾಸ್ ಪ್ರಾಂತ್ಯದ ಹಳೆಯ ಜಮೀನ್ದಾರಿ ಕಡತಗಳನ್ನು ತಿರುವಿದವರಿಗೆ ಈ ಹೆಸರು ಪರಿಚಿತ. ಕಂಪನಿ ಸರ್ಕಾರ ತನ್ನ ಕಚೇರಿಗೆ ಅದೇ ಹೆಸರನ್ನಿಟ್ಟಿತು. ಮೇರಿಯ ಬಂಧುಗಳು ಹಣ ಕಟ್ಟಿ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡರು. ಅವರಲ್ಲೇ ಒಬ್ಬ ಆಕೆಯನ್ನು ತನ್ನ ಮಗನಿಗೆ ತಂದುಕೊಳ್ಳಲು ನೋಡಿದ. ಕೊನೆಗೆ 1629ರಲ್ಲಿ ಮದುವೆಯಾದದ್ದು ರಾಲ್ಫ್ ವರ್ನಿಯ ಜೊತೆ. ಹುಡುಗನಿಗೆ 15, ಹುಡುಗಿಗೆ 13. ಆಸ್ತಿಗಾಗಿ ನಡೆದ ಮದುವೆ ಇದು, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೂ ಮುಂದಿನ ಪತ್ರಗಳನ್ನು ಓದಿದವರು ಈ ದಂಪತಿಯ ನಡುವೆ ಬೆಳೆದ ಪ್ರೀತಿಯನ್ನು ಅನುಮಾನಿಸಲಾರರು.

1640ರ ನವೆಂಬರಿನಲ್ಲಿ ಸೇರಿದ ಪಾರ್ಲಿಮೆಂಟಿಗೆ ತಂದೆ ವೈಕೋಂಬ್‌ನಿಂದ, ಮಗ ಏಲ್ಸ್‌ಬರಿಯಿಂದ ಆರಿಸಿ ಬಂದರು. ರಾಲ್ಫ್ ಮಾತುಗಾರನಲ್ಲ, ಬರೆದಿಡುವವನು. ಮಡಿಸಿದ ಕಾಗದದ ಹಾಳೆಗಳ ಮೇಲೆ ಸೀಸದಕಡ್ಡಿಯಿಂದ ಸದನದಲ್ಲೇ ಟಿಪ್ಪಣಿ ಮಾಡುತ್ತಿದ್ದ. 1642ರ ಜನವರಿ 4ರಂದು ದೊರೆ ಐವರು ಸದಸ್ಯರನ್ನು ಹಿಡಿಯಲು ತಾನೇ ಸದನದೊಳಗೆ ಬಂದನಲ್ಲ, ಆ ಘಟನೆಯನ್ನು ಕಣ್ಣಾರೆ ಕಂಡು ಬರೆದವರಲ್ಲಿ ರಾಲ್ಫ್ ಒಬ್ಬ. ಇವತ್ತಿಗೂ ಇತಿಹಾಸಕಾರರು ಆ ಹಾಳೆಗಳ ಕಡೆಗೆ ತಿರುಗುತ್ತಾರೆ.

ಯುದ್ಧ ಬಂದಾಗ ತಂದೆ ದೊರೆಯ ಕಡೆ, ಮಗ ಪಾರ್ಲಿಮೆಂಟಿನ ಕಡೆ. ಎಡ್ಮಂಡನಿಗೆ ದೊರೆಯ ವಾದ ಒಪ್ಪಿಗೆಯಾಗಿರಲಿಲ್ಲ. ಯಾವ ಬಿಷಪ್ಪರಿಗಾಗಿ ಈ ಜಗಳವೋ ಅವರ ಮೇಲೆ ತನಗೆ ಗೌರವವಿಲ್ಲ, ಆದರೆ ಸುಮಾರು 30 ವರ್ಷ ಈ ದೊರೆಯ ಅನ್ನ ತಿಂದಿದ್ದೇನೆ, ಉಂಡ ಮನೆಗೆ ಎರಡು ಬಗೆಯಲಾರೆ ಎಂಬ ಅರ್ಥದಲ್ಲಿ ಅವನು ಎಡ್ವರ್ಡ್ ಹೈಡ್‌ಗೆ ಹೇಳಿದನಂತೆ. ಹೈಡ್ ಮುಂದೆ ಕ್ಲ್ಯಾರೆಂಡನ್ ಪ್ರಭುವಾಗಿ ಅದನ್ನು ದಾಖಲಿಸಿದ. 1642ರ ಆಗಸ್ಟ್ 22ರಂದು ನಾಟಿಂಗ್‌ಹ್ಯಾಮಿನಲ್ಲಿ ಏರಿಸಿದ ರಾಜಧ್ವಜದ ಹೊಣೆ ಎಡ್ಮಂಡನ ಪಾಲಿಗೆ ಬಂತು. ಎರಡು ತಿಂಗಳ ನಂತರ, ಅಕ್ಟೋಬರ್ 23ರಂದು, ಎಡ್ಜ್‌ಹಿಲ್ ಕಾಳಗದಲ್ಲಿ ಆ ಧ್ವಜ ಹಿಡಿದೇ ಸತ್ತ. ವೈರಿ ಪಕ್ಷದಲ್ಲಿದ್ದ ರಾಲ್ಫ್ ತಂದೆಯ ಶವಕ್ಕಾಗಿ ಹುಡುಕಿಸಿದ. ಸಿಗಲಿಲ್ಲ.

ತಮ್ಮ ಮನ್, ಅಂದರೆ ಕಿರಿಯ ಎಡ್ಮಂಡ್, ದೊರೆಯ ಸೈನಿಕ. ಅಣ್ಣ ಪಾರ್ಲಿಮೆಂಟಿನ ಕಡೆ ನಿಂತದ್ದು ಗೊತ್ತಾದಾಗ ಅವನು ಬರೆದ ಪತ್ರದಲ್ಲಿ ಸಿಟ್ಟಿದೆ, ನೋವಿದೆ. ಅಣ್ಣ ತಂದೆಗೆ ಎಂಥ ದುಃಖ ತಂದನೆಂಬ ಆಪಾದನೆಯಿದೆ. ಅದೇ ಪತ್ರದಲ್ಲಿ, ಈ ಭೇದ ನಮ್ಮಿಬ್ಬರ ನಡುವೆ ವೈರವಾಗಬಾರದು ಎಂಬ ಬೇಡಿಕೆಯೂ ಇದೆ. ಉತ್ತರ ಬರದೆ ಹೋದಾಗ ಮುನಿಸಿಕೊಂಡು ಕೂರದೆ ಮತ್ತೆ ಬರೆದ. ಆ ಎರಡನೆಯ ಪತ್ರ ನನಗೆ ಮೊದಲನೆಯದಕ್ಕಿಂತ ಮುಖ್ಯ. ಸಿಟ್ಟಿನಲ್ಲಿ ಪತ್ರ ಬರೆಯುವುದು ಯಾರಿಗೂ ಸಾಧ್ಯ. ಉತ್ತರ ಕೊಡದ ಅಣ್ಣನಿಗೆ, ಅದೂ ತಂದೆ ಸತ್ತ ಮೇಲೆ, ಇನ್ನೊಮ್ಮೆ ಬರೆಯಲು ದೊಡ್ಡ ಮನಸ್ಸು ಬೇಕು. ಮನ್ 1649ರಲ್ಲಿ ಐರ್ಲೆಂಡಿನ ಡ್ರೊಹೆಡಾದಲ್ಲಿ, ಕ್ರಾಮ್‌ವೆಲ್ಲನ ಸೈನ್ಯ ಊರನ್ನು ಗೆದ್ದಾಗ ಕೊಲೆಯಾದ.

ಈ ಅಣ್ಣತಮ್ಮಂದಿರ ತಾಯಿಯ ತವರು ಹಿಲ್ಸ್‌ಡನ್, ಕ್ಲೇಡನ್ನಿಗೆ ಹತ್ತಿರದ ಊರು. ಸೋದರಮಾವ ಸರ್ ಅಲೆಕ್ಸಾಂಡರ್ ಡೆಂಟನ್ ದೊರೆಯ ಪಕ್ಷ. 1644ರ ಮಾರ್ಚಿನಲ್ಲಿ ಪಾರ್ಲಿಮೆಂಟಿನ ಪಡೆ ಆ ಮನೆಯನ್ನು ಮುತ್ತಿ ಸುಟ್ಟುಹಾಕಿತು. ಮುತ್ತಿದವರಲ್ಲಿ ಕ್ರಾಮ್‌ವೆಲ್ ಕೂಡ ಇದ್ದ. ಅಲೆಕ್ಸಾಂಡರ್ ಸೆರೆಯಲ್ಲೇ ತೀರಿಕೊಂಡ. ಅವನ ಸಹೋದರಿ ಸೂಸನ್ ಮದುವೆಯಾದದ್ದು ಮಾತ್ರ ಮುತ್ತಿಗೆ ಹಾಕಿದ ಪಡೆಯ ಕ್ಯಾಪ್ಟನ್ ಅಬರ್‌ಕ್ರಾಂಬಿಯನ್ನು. ಯುದ್ಧದ ನಕಾಶೆಯಲ್ಲಿ ಎರಡು ಬಣ್ಣ ಬಳಿದು ಗೆರೆ ಎಳೆಯುವವರು ಈ ಮದುವೆಯನ್ನು ಯಾವ ಬಣ್ಣದಲ್ಲಿ ಇಡುತ್ತಾರೆ?

ರಾಲ್ಫ್‌ನ ಕಷ್ಟ ಬೇರೆ ಬಗೆಯದು. 1643ರಲ್ಲಿ ಪಾರ್ಲಿಮೆಂಟು ಸ್ಕಾಟರ ನೆರವಿಗಾಗಿ ಕವನೆಂಟ್ ಎಂಬ ಧಾರ್ಮಿಕ ಪ್ರತಿಜ್ಞೆಯನ್ನು ಸದಸ್ಯರ ಮುಂದಿಟ್ಟಿತು. ಬಿಷಪ್ಪರ ವ್ಯವಸ್ಥೆಯನ್ನೇ ಕಿತ್ತುಹಾಕುವ ಪ್ರತಿಜ್ಞೆ ಅದು. ತಂದೆಯನ್ನೇ ಎದುರಿಸಿ ಈ ಪಕ್ಷದಲ್ಲಿ ನಿಂತಿದ್ದವನು ಪ್ರತಿಜ್ಞೆಗೆ ರುಜು ಹಾಕಲು ಒಪ್ಪಲಿಲ್ಲ. ಮನಸ್ಸಾಕ್ಷಿ ಒಪ್ಪದ್ದನ್ನು ಬಾಯಲ್ಲಿ ಹೇಳಲಾರೆ ಎಂದು ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಹೆಸರು ಮರೆಸಿಕೊಂಡು ಫ್ರಾನ್ಸಿಗೆ ಹೊರಟ. ಮೂರು ವರ್ಷದ ಇನ್ನೊಬ್ಬ ಮಗ ಜಾನ್ ಕ್ಲೇಡನ್ನಿನಲ್ಲೇ ಉಳಿದ. ಅವರು ಬ್ಲ್ವಾ ಎಂಬ ಊರಿನಲ್ಲಿ ನೆಲೆಸಿದರು. ಇತ್ತ ಸದನ 1645ರಲ್ಲಿ ಅವನನ್ನು ಹೊರಹಾಕಿತು. ಆಸ್ತಿ ಜಪ್ತಿಗೆ ಒಳಗಾಯಿತು. ಎರಡೂ ಪಕ್ಷಕ್ಕೆ ಬೇಡವಾದವನ ಸ್ಥಿತಿ.

ಇಲ್ಲಿಂದ ಕಥೆಯ ನಾಯಕಿ ಮೇರಿ. ಜಪ್ತಿ ಬಿಡಿಸಲು ಯಾರಾದರೂ ಲಂಡನ್ನಿಗೆ ಹೋಗಲೇಬೇಕಿತ್ತು. ರಾಲ್ಫ್ ಬಂದರೆ ಸಾಲ ಕೊಟ್ಟವರು ಹಿಡಿಸುವ ಭಯ. ವೈದ್ಯನಾಗಿದ್ದ ಇನ್ನೊಬ್ಬ ಸೋದರಮಾವ ಡಾಕ್ಟರ್ ವಿಲಿಯಂ ಡೆಂಟನ್, ಈ ಕಾಲದಲ್ಲಿ ಹೆಂಗಸರಷ್ಟು ಕೆಲಸಕ್ಕೆ ಬರುವವರು ಬೇರೆಯಿಲ್ಲ, ಹೆಂಡತಿಯನ್ನು ಕಳಿಸು ಎಂದು ಸಲಹೆ ಕೊಟ್ಟ. 1646ರ ಕೊನೆಯಲ್ಲಿ ಮೇರಿ ಒಬ್ಬಳೇ ಹೊರಟಳು. ಆಗ ಆಕೆ ಬಸುರಿ.

ಆಕೆ ಮಾಡಿದ ಕೆಲಸವನ್ನು ನೋಡಿ. ಯಾವ ಸಮಿತಿಯಲ್ಲಿ ಯಾರಿದ್ದಾರೆ, ಯಾರಿಗೆ ಯಾರ ಮಾತು ನಡೆಯುತ್ತದೆ, ಯಾವ ದಿನ ಅರ್ಜಿ ಇಟ್ಟರೆ ನಮ್ಮವರು ಹೆಚ್ಚಿರುತ್ತಾರೆ ಎಂಬುದನ್ನು ಮನೆಯಿಂದ ಮನೆಗೆ ಅಲೆದು ತಿಳಿದುಕೊಂಡಳು. ಹಳೆಯ ಗೆಳತಿ ಲೇಡಿ ಸಸೆಕ್ಸ್ ಅಷ್ಟರಲ್ಲಿ ವಾರ್ವಿಕ್ ಪ್ರಭುವಿನ ಹೆಂಡತಿಯಾಗಿದ್ದಳು. ವಾರ್ವಿಕ್ ಪಾರ್ಲಿಮೆಂಟಿನ ನೌಕಾಪಡೆಯನ್ನು ನಡೆಸಿದ ಪ್ರಬಲ. ಆ ಬಾಗಿಲಲ್ಲಿ ಮೇರಿ ಎಷ್ಟೋ ಸಲ ಕಾದಳು. ನಡುವೆ ಕ್ಲೇಡನ್ನಿಗೆ ಹೋಗಿ ಮನೆಯ ಹಾಸಿಗೆ, ಬಟ್ಟೆ ಹಾಳಾದದ್ದನ್ನು ಕಂಡು ಗಂಡನಿಗೆ ಬರೆದಳು; ಲೆಕ್ಕಪತ್ರ ನೋಡಿದಳು. 1647ರ ಜೂನಿನಲ್ಲಿ ಗಂಡುಮಗು ಹುಟ್ಟಿತು. ರಾಲ್ಫ್ ಬೇರೆ ಹೆಸರನ್ನು ಬಯಸಿದ್ದರೂ ಆಕೆ ಅವನ ಹೆಸರನ್ನೇ ಇಟ್ಟಳು. ಆ ಕೂಸು ಕೆಲವೇ ತಿಂಗಳು ಬದುಕಿತು. ಅದೇ ಶರತ್ಕಾಲದಲ್ಲಿ ಬ್ಲ್ವಾದಲ್ಲಿ ಮಗಳು ಪೆಗ್ ಸತ್ತಳು. ಹೆಂಡತಿಗೆ ನೇರವಾಗಿ ಬರೆಯಲಾರದೆ ರಾಲ್ಫ್ ಮಾವನಿಗೆ ಬರೆದ. ಡಾಕ್ಟರ್ ಡೆಂಟನ್ ಆಕೆಗೆ ತಿಳಿಸಿದ. ಎರಡು ಮಕ್ಕಳನ್ನು ಕಳೆದುಕೊಂಡ ತಾಯಿ ಮತ್ತೆ ಸಮಿತಿಯ ಬಾಗಿಲಿಗೆ ಹೋದಳು. 1648ರ ಜನವರಿಯಲ್ಲಿ ಜಪ್ತಿ ತೆರವಾಯಿತು.

ಪಾರ್ಲಿಮೆಂಟಿನ ಸದಸ್ಯರ ಪಟ್ಟಿಯಲ್ಲಿ ಮೇರಿ ವರ್ನಿಯ ಹೆಸರು ಇರುವುದು ಸಾಧ್ಯವಿರಲಿಲ್ಲ. ಆದರೆ ಮತ ಎಣಿಸುವುದು, ಬೆಂಬಲ ಕೂಡಿಸುವುದು, ವೇಳೆ ನೋಡಿ ಅರ್ಜಿ ಮಂಡಿಸುವುದು ಇವೆಲ್ಲ ರಾಜಕಾರಣವಲ್ಲದಿದ್ದರೆ ಯಾವುದು ರಾಜಕಾರಣ? ಗಂಡ ಸದನದಲ್ಲಿ ಬರೆದ ಟಿಪ್ಪಣಿಯಷ್ಟೇ ಬೆಲೆ ಆಕೆ ಲಂಡನ್ನಿನಿಂದ ಬರೆದ ಪತ್ರಗಳಿಗೂ ಸಲ್ಲಬೇಕು. ಆಕೆ ಫ್ರಾನ್ಸಿಗೆ ಮರಳಿ ಎರಡು ವರ್ಷ ಬದುಕಿದಳು, 1650ರ ಮೇ ತಿಂಗಳಲ್ಲಿ ತೀರಿಕೊಂಡಳು. ರಾಲ್ಫ್ ದೇಹವನ್ನು ಕ್ಲೇಡನ್ನಿಗೆ ಕಳಿಸಿದ. ಮುಂದೆ 46 ವರ್ಷ ಬದುಕಿದ್ದರೂ ಮತ್ತೆ ಮದುವೆಯಾಗಲಿಲ್ಲ.

ತಂಗಿಯರ ಕಥೆ ಇಷ್ಟು ಹಿರಿದಾಗಿ ಯಾರೂ ಹೇಳುವುದಿಲ್ಲ, ಹೇಳಬೇಕು. ವರದಕ್ಷಿಣೆಯ ಹಣವಿಲ್ಲದ ಆರು ಹೆಣ್ಣುಮಕ್ಕಳು ಅಣ್ಣನ ಪತ್ರಕ್ಕೆ ಕಾಯುತ್ತ ಬೆಳೆದರು. ಸೂ ಮದುವೆಯಾದದ್ದು ಸಾಲಕ್ಕಾಗಿ ಫ್ಲೀಟ್ ಜೈಲಿನಲ್ಲಿದ್ದ ವಿಧುರನನ್ನು. ಕ್ಯಾರಿಯ ಗಂಡ ದೊರೆಯ ಪರ ಕಾದಾಡಿ 1645ರಲ್ಲಿ ಸತ್ತ. ಹರೆಯದಲ್ಲೇ ವಿಧವೆಯಾದವಳು ಮರುಮದುವೆಯಾಗಿ ನೂರಾರು ಪತ್ರ ಬರೆದಳು. ಕೊನೆಯವಳು ಬೆಟ್ಟಿ ಬಡ ಪಾದ್ರಿಯೊಬ್ಬನ ಕೈಹಿಡಿದಳು. ರಾಲ್ಫ್ ಸಜ್ಜನ, ಆದರೆ ತಂಗಿಯರ ವಿಷಯದಲ್ಲಿ ಅವನ ಕೈ ಬಿಗಿಯಾಗಿತ್ತು ಎಂದೇ ನನ್ನ ಅನಿಸಿಕೆ. ಸಾಲದ ಭಾರ ಅದಕ್ಕೆ ಅರ್ಧ ಕಾರಣ. ಉಳಿದರ್ಧ, ಆಸ್ತಿ ಒಡೆಯದೆ ಹಿರಿಮಗನಿಗೇ ಹೋಗಬೇಕೆಂಬ ಆ ವರ್ಗದ ನಂಬಿಕೆ.

ಇಷ್ಟೆಲ್ಲ ನಮಗೆ ಗೊತ್ತಾಗಿರುವುದು ರಾಲ್ಫ್ ಬಂದ ಪತ್ರಗಳನ್ನೂ ತಾನು ಬರೆದುದರ ಕರಡುಗಳನ್ನೂ ಜೋಪಾನ ಮಾಡಿದ್ದರಿಂದ. ಆ ಶತಮಾನದ ಪತ್ರಗಳೇ ಸುಮಾರು 30,000 ಉಳಿದಿವೆ. ಅವನ್ನು ಓದಿ ‘ವರ್ನಿ ಕುಟುಂಬದ ಸ್ಮೃತಿಗಳು’ ಎಂಬ ಸಂಪುಟಗಳಿಗೆ ಕೈಹಾಕಿದವಳು ಆ ಮನೆಯ ಸೊಸೆ ಪಾರ್ಥೆನೋಪ್, ಫ್ಲಾರೆನ್ಸ್ ನೈಟಿಂಗೇಲಳ ಅಕ್ಕ. ಆಕೆ 1890ರಲ್ಲಿ ತೀರಿಕೊಂಡ ಮೇಲೆ ಇನ್ನೊಬ್ಬ ಸೊಸೆ ಮಾರ್ಗರೆಟ್ ಕೆಲಸವನ್ನು ಮುಗಿಸಿದಳು. ಪ್ರಕಟಣೆ 1892ರಿಂದ 1899ರವರೆಗೆ ನಡೆಯಿತು.

ಕ್ಲೇಡನ್ ಕೊನೆಗೆ ಯಾರ ಪಾಲಾಯಿತು ಎಂಬುದನ್ನು ಹೇಳಬೇಕು. ರಾಲ್ಫ್ 1653ರಲ್ಲಿ ಮರಳಿದ, ಎರಡು ವರ್ಷದ ಮೇಲೆ ಕ್ರಾಮ್‌ವೆಲ್ಲನ ಸರ್ಕಾರದಿಂದ ಸೆರೆಮನೆ ಕಂಡ, 1661ರಲ್ಲಿ ಬ್ಯಾರನೆಟ್ ಆದ, ಮುದಿವಯಸ್ಸಿನಲ್ಲಿ ಬಕಿಂಗ್‌ಹ್ಯಾಮಿನಿಂದ ಮತ್ತೆ ಸದನಕ್ಕೆ ಆರಿಸಿ ಬಂದ. ಹಿರಿಯ ಮಗನಿಗೆ ನೆರೆಯ ಆಸ್ತಿವಂತೆ ಮೇರಿ ಏಬೆಲ್‌ಳನ್ನು ತಂದ. ಆಕೆಯ ಚಿತ್ತ ಬೇಗನೆ ಕೆಟ್ಟಿತು. ಆ ಮಗ 1688ರಲ್ಲಿ ಸತ್ತ, ಅವನ ಗಂಡುಮಕ್ಕಳೂ ಉಳಿಯಲಿಲ್ಲ. ಹೀಗೆ 1696ರಲ್ಲಿ ರಾಲ್ಫ್ ಸತ್ತಾಗ ಮನೆ ಬಂದದ್ದು ಜಾನ್‌ಗೆ, ಮೂರು ವರ್ಷದವನಿದ್ದಾಗ ಹೆತ್ತವರು ಬಿಟ್ಟುಹೋಗಿದ್ದ ಮಗನಿಗೆ. ಎರಡನೆಯ ಮಗನಾದ್ದರಿಂದ ಅವನನ್ನು ವ್ಯಾಪಾರಕ್ಕೆ ಹಾಕಿದ್ದರು. ಸಿರಿಯಾದ ಅಲೆಪ್ಪೊದಲ್ಲಿ ಹನ್ನೆರಡು ವರ್ಷ ವ್ಯವಹಾರ ಮಾಡಿ ಬಂದಿದ್ದ. ಅವನು 1703ರಲ್ಲಿ ಫರ್ಮನಾ ವೈಕೌಂಟ್ ಎನಿಸಿದ. ಅದು ಐರಿಷ್ ಬಿರುದು, ಅದರಿಂದ ಇಂಗ್ಲೆಂಡಿನ ಪ್ರಭುಗಳ ಸಭೆಯಲ್ಲಿ ಸ್ಥಾನವಿಲ್ಲ. ಹಾಗಾಗಿ ಜಾನ್ ಜಿಲ್ಲೆಯ ನೆಂಟರಿಷ್ಟರ ಮತಗಳನ್ನು ಕೇಳುತ್ತ ಚುನಾವಣೆಗೆ ನಿಂತ, 1710ರಲ್ಲಿ ಬಕಿಂಗ್‌ಹ್ಯಾಮ್‌ಶೈರಿನಿಂದ ಗೆದ್ದು ಕಾಮನ್ಸ್ ಸಭೆಯನ್ನು ಸೇರಿದ.