ಮಕ್ಕಳ ಕೈಗೆ ಯಾವ ಪುಸ್ತಕ ಕೊಡೋಣ?
(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘದ ಬೆಳ್ಳಿ ಹಬ್ಬದಲ್ಲಿ ಸಾಲ, ಬೀಜ, ಗೊಬ್ಬರದ ಮಾತು ಬಿಟ್ಟು ಪುಸ್ತಕದ ಮಾತು ಯಾಕ್ರಿ ಅಂತ ಕೆಲವರಿಗೆ ಅನಿಸಬಹುದು. ಆದರೆ ಸಹಕಾರಕ್ಕೂ ಓದಿಗೂ ಇರುವ ನಂಟು ಹಳೆಯದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ನೇಕಾರರೂ ಇತರ ದುಡಿಯುವ ಜನರೂ ಕೂಡಿ ಒಂದು ಸಹಕಾರಿ ಅಂಗಡಿ ತೆರೆದರು. ಹಿಟ್ಟು, ಬೆಣ್ಣಿ, ಸಕ್ಕರಿ ಮಾರುತ್ತಿದ್ದ ಆ ಜನ ಮುಂದೆ ವಾಚನಾಲಯವನ್ನೂ ಮಾಡಿದರು. ಉಳಿತಾಯದಲ್ಲಿ ನೂರಕ್ಕೆ ಎರಡೂವರೆ ಪಾಲು ಶಿಕ್ಷಣಕ್ಕೆಂದು ತೆಗೆದಿಟ್ಟರು. ನಮ್ಮ ಮಗ್ಗುಲ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ಎಲ್ಲರಿಗೂ ಗೊತ್ತು. ಕನ್ನಡದ ಮಕ್ಕಳಿಗಾಗಿ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಕಿರಿಯರ ವಿಶ್ವಕೋಶವನ್ನು 1970ರ ದಶಕದಲ್ಲಿ ಹೊರತಂದದ್ದೂ ಒಂದು ಸಹಕಾರಿ ಸಂಸ್ಥೆಯೇ: ಕರ್ನಾಟಕ ಸಹಕಾರಿ ಪ್ರಕಾಶನ ಮಂದಿರ. ಅಂದಮೇಲೆ ಈ ಮಾತು ಈ ವೇದಿಕೆಗೆ ಹೊರಗಿನದಲ್ಲ.

ಹತ್ತನೆಯ ತರಗತಿ ಮುಗಿಸಿದ ಹುಡುಗ ಹೊಲಕ್ಕೋ ಹುಬ್ಬಳ್ಳಿಯ ಕೆಲಸಕ್ಕೋ ಹೋದಮೇಲೆ ಓದುವ ರೂಢಿ ತಪ್ಪುತ್ತದೆ. ನಾಲ್ಕು ವರ್ಷ ಕಳೆದು ಸಾಲದ ಕಾಗದ ಮುಂದಿಟ್ಟರೆ, “ಎಲ್ಲಿ ಸಹಿ ಮಾಡ್ಲಿರಿ?” ಅಂತ ಕೇಳುತ್ತಾನೆಯೇ ಹೊರತು “ಏನು ಬರದೈತ್ರಿ?” ಅಂತ ಕೇಳುವುದಿಲ್ಲ. ಓದದೆ ಸಹಿ ಮಾಡುವ ಸದಸ್ಯರಿಂದ ಸಂಘ ಗಟ್ಟಿಯಾಗುವುದಿಲ್ಲ. ಸರ್ವಸಾಧಾರಣ ಸಭೆಯಲ್ಲಿ ಲೆಕ್ಕಪತ್ರ ಓದಿ ಪ್ರಶ್ನೆ ಕೇಳುವವರು ನಾಳೆ ಬೇಕಾದರೆ, ಇಂದಿನ ಮಕ್ಕಳಿಗೆ ಓದಿನ ರುಚಿ ಹತ್ತಬೇಕು.

“ಓದ್ರೋ, ಓದ್ರೋ” ಅಂತ ಬೈದರೆ ರುಚಿ ಹತ್ತುವುದಿಲ್ಲ. ಎರಿ ಹೊಲಕ್ಕೆ ಒಂದು ಬೀಜ, ಮಸಾರಿಗೆ ಇನ್ನೊಂದು ಅಂತ ನೋಡಿ ಬಿತ್ತುವ ನಾವು, ಎಲ್ಲ ಮಕ್ಕಳಿಗೂ ಒಂದೇ ಪುಸ್ತಕ ಕೊಟ್ಟರೆ ಹೆಂಗ? ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಐದು ಸೂತ್ರಗಳ ತಿರುಳೂ ಇದೇ. ಪುಸ್ತಕ ಬೀರುವಿನಲ್ಲಿ ಕೂಡಬಾರದು. ತನಗೆ ಹೊಂದುವ ಓದುಗನ ಕೈ ಸೇರಬೇಕು.

ಸಣ್ಣ ಮಕ್ಕಳಿಗೆ ದೊಡ್ಡವರು ಗಟ್ಟಿಯಾಗಿ ಓದಿ ಹೇಳಬೇಕು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಅದಕ್ಕೆ ಹೇಳಿ ಮಾಡಿಸಿದ್ದು. ಹತ್ತು ಹನ್ನೆರಡು ವಯಸ್ಸಿನವರಿಗೆ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ ಇದೆ. ನಮ್ಮ ಧಾರವಾಡದ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ ಇದೆ. ಮೊದಲನೆಯದಕ್ಕೆ 2010ರಲ್ಲಿ, ಎರಡನೆಯದಕ್ಕೆ 2021ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿದೆ. ಹೈಸ್ಕೂಲು ದಾಟಿದವರಿಗೆ ತೇಜಸ್ವಿಯವರ ‘ಕರ್ವಾಲೊ’ ಕೊಡಿ. ಹಾರುವ ಓತಿಯ ಬೆನ್ನು ಹತ್ತಿ ಕಾಡು ಸುತ್ತಿ ಬರಲಿ. ಹಳ್ಳಿಯ ಒಳಜಗಳ ಊರನ್ನೇ ಹೆಂಗ ತಿನ್ನುತ್ತದೆ ಅಂತ ತಿಳಿಯಲು ರಾವಬಹಾದ್ದೂರರ ‘ಗ್ರಾಮಾಯಣ’ ಸಾಕು. ಅದನ್ನು ನಾವು ಹಿರಿಯರೂ ಓದಬೇಕು.

ಇನ್ನೂ ಮೂರು ಮಾತು. ನಾವು ಓದದ ಪುಸ್ತಕವನ್ನು ಮಕ್ಕಳಿಗೆ ಓದು ಅನ್ನುವುದು ಬೇಡ. ಓದಿ ಮುಗಿಸಿದ ಕೂಡಲೆ “ನೀತಿ ಏನು, ಹೇಳು” ಅಂತ ಪರೀಕ್ಷೆ ಮಾಡುವುದು ಬೇಡ. ಸೇರದಿದ್ದರೆ ಅರ್ಧಕ್ಕೆ ಬಿಡಲಿ, ಮತ್ತೊಂದು ಕೊಡೋಣ.

ರಾಜ್ಯದಲ್ಲಿ 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತಿ ಗ್ರಂಥಾಲಯದ ಸದಸ್ಯತ್ವವನ್ನು ಉಚಿತ ಮಾಡಲಾಯಿತು. ಗಂಡು ಹುಡುಗರು ಹೆಂಗೋ ಅಲ್ಲಿಗೆ ಹೋಗಿ ಕೂಡುತ್ತಾರೆ. ಹೆಣ್ಣುಮಕ್ಕಳಿಗೆ ಸಾಲಿ ಬಿಟ್ಟ ಮೇಲೆ ಮನೆಗೆಲಸ ಕಾದಿರುತ್ತದೆ. ಅವರಿಗೆ ಪುಸ್ತಕ ಮನೆಗೇ ಬರಬೇಕು. ತಾಯಂದಿರೆ, ರೇಷನ್ ತರಲು, ಸಂಘದ ಕೆಲಸಕ್ಕೆ ಬಂದಾಗ ಒಂದು ಪುಸ್ತಕ ಸೆರಗಿನಾಗ ಕಟ್ಟಿಕೊಂಡು ಹೋಗ್ರಿ.

ಆಡಳಿತ ಮಂಡಳಿಗೆ ನಮ್ಮ ವಿನಂತಿ ಇಷ್ಟೇ. ಬೆಳ್ಳಿ ಹಬ್ಬದ ನೆನಪಿಗೆ ಸಂಘದ ಕಚೇರಿಯಲ್ಲಿ ಒಂದು ಕಪಾಟು ಇಡಿಸಿ. ಅದಕ್ಕೆ ಬೀಗ ಬೇಡ. ಯಾವ ಪುಸ್ತಕ ತರಬೇಕು ಅನ್ನುವುದನ್ನು ಮಕ್ಕಳನ್ನೂ ಕೂಡಿಸಿಕೊಂಡು ಠರಾಯಿಸಿರಿ. ಸಾಲ ಕೊಟ್ಟು ವಸೂಲಿ ಮಾಡುವುದು ಸಂಘಕ್ಕೆ ರೂಢಿ. ಈ ಸಾಲದಲ್ಲಿ ಒಂದೆರಡು ಪುಸ್ತಕ ಬಾಕಿ ಉಳಿದರೂ ನಷ್ಟವೇನಿಲ್ಲ.