ಹೆಪ್ಪು ಮತ್ತು ನಂಟು



ಮೊನ್ನೆ ಸಂಜೆ ಮಗಳು "ಅಪ್ಪಾ, ಫ್ರೋಜನ್ ಯೋಗರ್ಟ್ ತಿಂದು ಬರೋಣ ಬಾ" ಎಂದು ಕರೆದಳು. ಜಯನಗರ ನಾಲ್ಕನೇ ಬ್ಲಾಕಿನವರೆಗೆ ನಡೆದೇ ಹೋದೆವು. ಬಟ್ಟಲಲ್ಲಿದ್ದದ್ದು ನಾವು ಬಲ್ಲ ಮೊಸರೇ. ಸಕ್ಕರೆ ಬೆರೆಸಿ, ಗಾಳಿ ಸೇರುವಂತೆ ಕಡೆಯುತ್ತಲೇ ಗಟ್ಟಿಯಾಗಿಸಿದ್ದರು. ಮೇಲೆ ಮಾವಿನ ಹೋಳು. 1970ರ ದಶಕದಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ತಿನಿಸು ಈಗ ನಮ್ಮ ಬೀದಿಗೂ ಬಂದಿದೆ.

ಮೊಸರಿನ ಜೀವ ಹೆಪ್ಪಿನ ಸೂಕ್ಷ್ಮಜೀವಿಗಳಲ್ಲಿದೆ. ಕೊರೆಯುವ ಚಳಿಯಲ್ಲೂ ಅವೆಲ್ಲ ಸಾಯುವುದಿಲ್ಲ. ಬಹಳಷ್ಟು ನಿದ್ದೆ ಹೋಗುತ್ತವೆ, ಬೆಚ್ಚಗಾದಾಗ ಮತ್ತೆ ಏಳುತ್ತವೆ. ನಂಟುಗಳೂ ಹಾಗೆಯೇ. ಒಂದೇ ಮನೆಯಲ್ಲಿದ್ದರೂ ಮೊಬೈಲ್ ಹಿಡಿದು ಕೂತ ನಮ್ಮಿಬ್ಬರ ನಡುವೆ ಮಾತು ತಣ್ಣಗಾಗಿತ್ತು. ಆ ಅರ್ಧ ಗಂಟೆಯ ನಡಿಗೆಯಲ್ಲಿ ಮಗಳು ಪರೀಕ್ಷೆಯ ಭಯ, ಗೆಳತಿಯ ಮುನಿಸು ಎಲ್ಲವನ್ನೂ ಹೇಳಿಕೊಂಡಳು. ನಾನು ಸುಮ್ಮನೆ ಕೇಳಿದೆ. ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ.

ಫ್ರೋಜನ್ ಯೋಗರ್ಟಿನಲ್ಲಿ ಸಕ್ಕರೆ ಹೆಚ್ಚು, ದಿನವೂ ಬೇಡ. ಆದರೆ ವಾರಕ್ಕೊಂದು ಸಂಜೆ ಮನೆಯವರೊಡನೆ ಬೀದಿಯ ತುದಿಯವರೆಗಾದರೂ ನಡೆಯಿರಿ. ಪಾತ್ರೆ ತುಂಬ ಹಾಲು ಮೊಸರಾಗಲು ಒಂದು ಚಮಚ ಹೆಪ್ಪು ಸಾಕು. ಮನೆಗೂ ಅಷ್ಟು ಮಾತಿನ ಹೆಪ್ಪು ಬೇಕು. ಇವತ್ತೇ ಹಾಕಿ ನೋಡಿ.